ದೋಣಿಗಳ ಲೆಕ್ಕ ಬರೆದವರು ಯಾರು?

ಏಪ್ರಿಲ್ ತಿಂಗಳು ಬಂದಿತೆಂದರೆ ಟೈಟಾನಿಕ್ ಹಡಗಿನ ಕಥೆ ಮತ್ತೆ ಕೇಳಿಬರುತ್ತದೆ. ೧೯೧೨ರಲ್ಲಿ ಮುಳುಗಿದ ಆ ಹಡಗನ್ನು ಕುರಿತು ಪುಸ್ತಕಗಳು ಬಂದಿವೆ, ಸಿನೇಮಾ ಬಂದಿದೆ. ಅದರ ಅವಶೇಷವನ್ನು ನೋಡಲೆಂದು ಸಮುದ್ರದ ತಳಕ್ಕೆ ಇಳಿದ ಐವರು ೨೦೨೩ರ ಜೂನ್ ತಿಂಗಳಲ್ಲಿ ಪ್ರಾಣ ಕಳೆದುಕೊಂಡದ್ದೂ ಓದುಗರ ನೆನಪಿನಲ್ಲಿರಬಹುದು. ಆಳಂದದ ಸಂತೆಯಲ್ಲಿ ಕುಳಿತ ವ್ಯಾಪಾರಿಗೂ ಕಲಬುರಗಿಯ ಬೇಳೆ ಗಿರಣಿಯಲ್ಲಿ ಚೀಲ ಹೊರುವ ಹಮಾಲನಿಗೂ ಈ ಹಡಗಿನ ಗೊಡವೆ ಯಾತಕ್ಕೆ ಎಂದು ಕೇಳುವವರಿದ್ದಾರೆ. ಕೇಳುವುದು ನ್ಯಾಯವೇ. ನಮ್ಮ ಮೂರು ತಾಲೂಕುಗಳಿಗೆ ಗೊತ್ತಿರುವ ನೀರೆಂದರೆ ಭೀಮೆಯ ನೀರು. ಆಳಂದದ ಕಡೆಯಿಂದ ಹರಿದು ಬರುವ ಅಮರ್ಜಾ ಹೊಳೆ ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಕೂಡುತ್ತದೆ. ಅಫಜಲಪುರದ ದಂಡೆ ಸವರಿದ ಆ ನೀರೇ ಜೇವರ್ಗಿಯ ದಂಡೆಯನ್ನೂ ಮುಟ್ಟಿ ಮುಂದೆ ಕೃಷ್ಣೆಗೆ ಹೋಗುತ್ತದೆ. ಈ ಹೊಳೆಯಲ್ಲಿ ಹರಗೋಲು ನಡೆದಿದೆ, ನಾವೆ ನಡೆದಿದೆ. ಆಗಬೋಟು ನಡೆದದ್ದಿಲ್ಲ.

ಆದರೂ ಈ ವಾರ ಆ ಹಡಗಿನ ವಿಷಯವನ್ನೇ ಎತ್ತಿಕೊಂಡಿದ್ದೇವೆ. ಅದರ ಕಥೆ ಹೇಳುವವರು ಹಿಮದ ಬೆಟ್ಟದ ಮಾತು ಹೇಳಿ ನಿಲ್ಲಿಸಿಬಿಡುತ್ತಾರೆ. ಲೆಕ್ಕದ ಪುಸ್ತಕವನ್ನು ತೆರೆಯುವುದಿಲ್ಲ. ಅಂಗಡಿ ಇಟ್ಟವರಿಗೂ ಪಾಳಿಯ ಮೇಲೆ ದುಡಿಯುವವರಿಗೂ ಲೆಕ್ಕ ಚೆನ್ನಾಗಿ ತಿಳಿಯುತ್ತದೆ. ಆದ್ದರಿಂದ ನಾವು ಲೆಕ್ಕವನ್ನೇ ಮುಂದಿಡುತ್ತೇವೆ.

ಟೈಟಾನಿಕ್ ಇಂಗ್ಲೆಂಡಿನ ವೈಟ್ ಸ್ಟಾರ್ ಕಂಪನಿಯ ಹಡಗು. ಕಟ್ಟಿದ್ದು ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ. ಕಂಪನಿ ಹೆಸರಿಗೆ ಇಂಗ್ಲಿಷರದು, ಅದರ ಹಿಂದಿದ್ದ ಬಂಡವಾಳ ಅಮೆರಿಕದ ಸಾಹುಕಾರ ಜೆ. ಪಿ. ಮಾರ್ಗನ್ನನ ಕೂಟದ್ದು. ೧೯೧೨ರ ಏಪ್ರಿಲ್ ೧೦ರಂದು ಸೌತಾಂಪ್ಟನ್ ಬಂದರನ್ನು ಬಿಟ್ಟು ನ್ಯೂಯಾರ್ಕಿನ ಕಡೆಗೆ ತನ್ನ ಮೊದಲ ಪ್ರಯಾಣ ಹೊರಟಿತು. ೧೪ರ ರಾತ್ರಿ ೧೧ ಗಂಟೆ ೪೦ ನಿಮಿಷಕ್ಕೆ ಅಟ್ಲಾಂಟಿಕ್ ಸಾಗರದಲ್ಲಿ ತೇಲುತ್ತಿದ್ದ ಹಿಮದ ಬೆಟ್ಟಕ್ಕೆ ಅದರ ಬದಿ ಒರೆಸಿತು. ೨ ಗಂಟೆ ೨೦ ನಿಮಿಷಕ್ಕೆ ಮುಳುಗಿತು. ನಡುವೆ ಇದ್ದದ್ದು ಎರಡು ತಾಸು ನಲವತ್ತು ನಿಮಿಷ. ಆ ರಾತ್ರಿ ಗಾಳಿ ಇರಲಿಲ್ಲ, ಅಲೆ ಇರಲಿಲ್ಲ. ಸಮುದ್ರ ಕೆರೆಯ ನೀರಿನಂತೆ ನಿಂತಿತ್ತೆಂದು ಬದುಕಿ ಬಂದವರು ಹೇಳಿದ್ದಾರೆ. ಅಷ್ಟು ಸಮಯ, ಅಂಥ ಶಾಂತ ನೀರು ಇದ್ದೂ ಬ್ರಿಟಿಷ್ ವಿಚಾರಣಾ ಮಂಡಲಿಯ ಲೆಕ್ಕದಂತೆ ೨೨೦೧ ಮಂದಿಯಲ್ಲಿ ಉಳಿದವರು ೭೧೧, ಸತ್ತವರು ೧೪೯೦. ಬೇರೆಯವರು ಮಾಡಿದ ಲೆಕ್ಕದಲ್ಲಿ ಸತ್ತವರ ಸಂಖ್ಯೆ ೧೫೦೦ನ್ನು ದಾಟುತ್ತದೆ.

ಹಡಗಿನ ಮೇಲಿದ್ದ ದೋಣಿಗಳು ೨೦. ಅವುಗಳಲ್ಲಿ ಹಿಡಿಸುವ ಜನ ೧೧೭೮. ಎಲ್ಲ ದೋಣಿಗಳನ್ನು ತುಂಬಿ ಇಳಿಸಿದ್ದರೂ ೧೦೨೩ ಮಂದಿಗೆ ಸ್ಥಳವಿರಲಿಲ್ಲ. ನಾವು ಮಾಸ್ತರಿಕೆ ಮಾಡುತ್ತಿದ್ದಾಗ ಈ ವ್ಯವಕಲನವನ್ನು ಒಮ್ಮೆ ಹಲಗೆಯ ಮೇಲೆ ಬರೆದು ಮಕ್ಕಳಿಂದ ಮಾಡಿಸಿದ್ದೆವು. ಉತ್ತರ ಬಂದ ಮೇಲೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಸರ್, ಜಾಗಾ ಸಾಲಂಗಿಲ್ಲ ಅಂತ ಅವರಿಗಿ ಮೊದಲೇ ಗೊತ್ತಿತ್ತಲ್ರಿ, ಮತ್ತ ಯಾಕ ಹೊಂಟರು?" ಎಂದು ಕೇಳಿದಳು. ಲಂಡನ್ನಿನಲ್ಲಿ ಕುಳಿತ ನ್ಯಾಯಾಧೀಶರು ವಾರಗಟ್ಟಲೆ ನಡೆಸಿದ ವಿಚಾರಣೆಯಲ್ಲಿ ಇದಕ್ಕಿಂತ ನೇರವಾದ ಪ್ರಶ್ನೆಯನ್ನು ಯಾರೂ ಕೇಳಿದಂತೆ ನಮಗೆ ಕಾಣುವುದಿಲ್ಲ.

ಯಾತಕ್ಕೆ ಹೊರಟರೆಂದರೆ, ಕಾನೂನು ಅಡ್ಡ ಬರಲಿಲ್ಲ. ೧೮೯೪ರಲ್ಲಿ ಮಾಡಿದ ನಿಯಮದ ಪ್ರಕಾರ ಇಂಗ್ಲಿಷ್ ಹಡಗುಗಳ ಗಾತ್ರವನ್ನು ಟನ್ನಿನಲ್ಲಿ ಅಳೆದು, ಇಷ್ಟು ಟನ್ನಿಗೆ ಇಷ್ಟು ದೋಣಿ ಎಂದು ಗೊತ್ತುಮಾಡಿದ್ದರು. ಹತ್ತು ಸಾವಿರ ಟನ್ನಿಗೆ ಮೇಲ್ಪಟ್ಟ ಹಡಗಿಗೆ ೧೬ ದೋಣಿ. ಅಲ್ಲಿಗೆ ಕೋಷ್ಟಕ ಮುಗಿಯಿತು. ಟೈಟಾನಿಕ್ಕಿನ ಗಾತ್ರ ೪೬,೩೨೮ ಟನ್ನು. ಹಡಗು ನಾಲ್ಕು ಪಟ್ಟು ಬೆಳೆದರೂ ಕೋಷ್ಟಕ ಬೆಳೆಯಲಿಲ್ಲ. ಆ ಕೋಷ್ಟಕದಲ್ಲಿ ಒಳಗಿರತಕ್ಕ ಮನುಷ್ಯರ ತಲೆ ಎಣಿಸುವ ಮನೆಯೇ ಇರಲಿಲ್ಲ. ೧೬ ಇರಬೇಕಾದಲ್ಲಿ ೨೦ ಇಟ್ಟಿದ್ದೇವೆಂದು ಕಂಪನಿ ಹೇಳಿಕೊಳ್ಳಬಹುದಾಗಿತ್ತು, ಹೇಳಿಕೊಂಡಿತು ಕೂಡ. ನಿಯಮವನ್ನು ಬದಲಿಸುವ ವಿಚಾರಕ್ಕೆ ಸರಕಾರ ನೇಮಿಸಿದ ಸಲಹಾ ಮಂಡಲಿಯಲ್ಲಿ ಕುಳಿತವರೊಳಗೆ ಹಡಗಿನ ಮಾಲೀಕರೂ ಹಡಗು ಕಟ್ಟುವವರೂ ಇದ್ದರು. ಟೈಟಾನಿಕ್ಕಿನ ನಕ್ಷೆ ಮಾಡಿದವರಲ್ಲಿ ಒಬ್ಬನಾದ ಅಲೆಕ್ಸಾಂಡರ್ ಕಾರ್ಲೈಲ್ ಎಂಬುವನು ೬೪ ದೋಣಿಗಳನ್ನು ಇಳಿಸಬಲ್ಲ ಸಲಕರಣೆಯನ್ನು ಯೋಚಿಸಿ ಇಟ್ಟಿದ್ದ. ಅಂಥ ಸಲಕರಣೆ ಹಡಗಿನ ಮೇಲೆ ಕೂತಿತು, ದೋಣಿಗಳು ಕೂಡಲಿಲ್ಲ. ಮೊದಲನೇ ವರ್ಗದವರು ಅಡ್ಡಾಡುವ ಮೇಲಿನ ಅಂತಸ್ತು ಬಯಲಾಗಿ, ನೋಡಲು ಚೆಂದವಾಗಿ ಉಳಿಯಿತು.

ಹಿಮದ ಸುದ್ದಿ ತಿಳಿಯದೆ ಹೋಯಿತೆಂದೂ ಇಲ್ಲ. ಆ ದಿನ ಬೇರೆ ಹಡಗುಗಳಿಂದ ಎಚ್ಚರಿಕೆಯ ತಂತಿಗಳು ಒಂದರ ಮೇಲೊಂದು ಬಂದಿದ್ದವು. ಮೆಸಾಬಾ ಎಂಬ ಹಡಗಿನ ತಂತಿ ಹಡಗು ನಡೆಸುವವರ ಕೈಗೇ ತಲುಪಲಿಲ್ಲ. ತಂತಿ ಕೋಣೆಯಲ್ಲಿದ್ದ ಇಬ್ಬರು ಯುವಕರು ತಂತಿ ಕಂಪನಿಯ ನೌಕರರು; ಶ್ರೀಮಂತ ಪ್ರಯಾಣಿಕರು ಹಣ ಕೊಟ್ಟು ಕಳಿಸುತ್ತಿದ್ದ ಖಾಸಗಿ ಸಂದೇಶಗಳ ರಾಶಿ ಅವರ ಮುಂದಿತ್ತು. ಹತ್ತಿರದಲ್ಲೇ ಹಿಮದ ನಡುವೆ ನಿಂತಿದ್ದ ಕ್ಯಾಲಿಫೋರ್ನಿಯನ್ ಎಂಬ ಹಡಗು ಎಚ್ಚರಿಸಲು ಬಂದಾಗ, ಕೆಲಸದಲ್ಲಿದ್ದೇನೆ, ಸುಮ್ಮನಿರು ಎಂಬ ಉತ್ತರ ಹೋಯಿತು. ಆ ಹಡಗಿನ ಒಬ್ಬನೇ ತಂತಿಯವನು ಬಳಿಕ ಯಂತ್ರ ನಿಲ್ಲಿಸಿ ಮಲಗಿದ. ಟೈಟಾನಿಕ್ಕಿನ ತುದಿಕಂಬದ ಮೇಲೆ ಕಾವಲು ಕುಳಿತವರಿಗೆ ದೂರದರ್ಶಕ ಕೊಟ್ಟಿರಲಿಲ್ಲ. ಹಡಗು ಮಾತ್ರ ತಾಸಿಗೆ ಸುಮಾರು ನಲವತ್ತು ಕಿಲೋಮೀಟರ್ ವೇಗದಲ್ಲಿ ಓಡುತ್ತಲೇ ಇತ್ತು. ಇದನ್ನೆಲ್ಲ ಒಬ್ಬ ಕಪ್ತಾನನ ತಲೆಗೆ ಕಟ್ಟುವುದು ಸುಲಭ, ಅವನು ಹಡಗಿನೊಡನೆ ಸತ್ತವನು. ಆದರೆ ಹಿಮದ ಸುದ್ದಿ ಬಂದರೂ ಹವೆ ತಿಳಿಯಾಗಿದ್ದರೆ ವೇಗ ತಗ್ಗಿಸದೆ ಓಡಿಸುವುದು ಆ ದಾರಿಯ ಕಪ್ತಾನರೆಲ್ಲರ ರೂಢಿಯೆಂದು ವಿಚಾರಣೆಯಲ್ಲೇ ಹೊರಬಿತ್ತು. ಅದು ಸ್ಪರ್ಧೆಯ ರೂಢಿ. ಹೊತ್ತಿಗೆ ಸರಿಯಾಗಿ ಮುಟ್ಟಿಸದ ಕಂಪನಿಯ ಹಡಗನ್ನು ಮುಂದಿನ ಸಲ ಯಾರು ಹತ್ತುತ್ತಾರೆ?

ಇನ್ನು ಉಳಿದವರು ಯಾರು, ಹೋದವರು ಯಾರು ಎಂಬ ಲೆಕ್ಕ. ಓದುಗರು ಈ ಅಂಕಿಗಳನ್ನು ಸಾವಕಾಶವಾಗಿ ನೋಡಬೇಕು. ಮೊದಲನೇ ವರ್ಗದ ೩೨೫ ಮಂದಿಯಲ್ಲಿ ೨೦೩ ಮಂದಿ ಉಳಿದರು. ಎರಡನೇ ವರ್ಗದ ೨೮೫ರಲ್ಲಿ ೧೧೮. ಮೂರನೇ ವರ್ಗದ ೭೦೬ರಲ್ಲಿ ೧೭೮. ಹಡಗಿನ ಕೆಲಸಗಾರರು ೮೮೫ ಇದ್ದರು, ಅವರಲ್ಲಿ ಬದುಕಿದವರು ೨೧೨. ಎಂದರೆ ಮೇಲಿನವರಲ್ಲಿ ನೂರಕ್ಕೆ ಅರವತ್ತೆರಡು ಮಂದಿ ಉಳಿದರೆ, ಕೆಳಗಿನವರಲ್ಲಿ ಮತ್ತು ದುಡಿಯುವವರಲ್ಲಿ ನೂರಕ್ಕೆ ಇಪ್ಪತ್ತೈದರ ಆಸುಪಾಸು. ಹೆಂಗಸರು ಮಕ್ಕಳು ಮೊದಲು ಎಂಬ ಆಜ್ಞೆಯನ್ನು ಕಪ್ತಾನ ಕೊಟ್ಟದ್ದು ನಿಜ, ಅದನ್ನು ಪಾಲಿಸಿ ಸತ್ತ ಗಂಡಸರು ಎಲ್ಲ ವರ್ಗಗಳಲ್ಲೂ ಇದ್ದದ್ದು ನಿಜ. ಅವರನ್ನು ಹಗುರಾಗಿ ಕಾಣುವ ಮನಸ್ಸು ನಮಗಿಲ್ಲ. ಆದರೆ ಮೊದಲನೇ ವರ್ಗದ ೧೪೪ ಹೆಂಗಸರಲ್ಲಿ ಸತ್ತವರು ೪. ಮೂರನೇ ವರ್ಗದ ೧೬೫ ಹೆಂಗಸರಲ್ಲಿ ಸತ್ತವರು ೮೯. ಮೇಲಿನ ಎರಡು ವರ್ಗಗಳ ಮಕ್ಕಳು ಬಹುತೇಕ ಎಲ್ಲರೂ ಉಳಿದರು. ಮೂರನೇ ವರ್ಗದ ೭೯ ಮಕ್ಕಳಲ್ಲಿ ೫೨ ಮಕ್ಕಳು ಹೋದವು.

ಇವರನ್ನು ಯಾರೂ ಬಂದೂಕು ಹಿಡಿದು ತಡೆದರೆಂದು ನಾವು ಹೇಳುವುದಿಲ್ಲ. ಅದರ ಅಗತ್ಯವೂ ಇರಲಿಲ್ಲ. ದೋಣಿಗಳು ಇದ್ದದ್ದು ಮೇಲೆ, ಅವರ ಮಲಗುವ ಸ್ಥಳ ಇದ್ದದ್ದು ಕೆಳಗೆ, ಹಡಗಿನ ಎರಡು ತುದಿಗಳಲ್ಲಿ. ಅಮೆರಿಕಕ್ಕೆ ವಲಸೆ ಹೋಗುವ ಬಡವರು ಉಳಿದವರೊಡನೆ ಬೆರೆಯಬಾರದೆಂಬ ಆ ದೇಶದ ಕಾನೂನಿಗಾಗಿ ನಡುವೆ ಬಾಗಿಲುಗಳೂ ಅಡ್ಡಕಟ್ಟುಗಳೂ ಇದ್ದವು. ಬಹಳ ಮಂದಿಗೆ ಇಂಗ್ಲಿಷ್ ಬಾರದು. ದಾರಿಯ ಫಲಕಗಳು ಇಂಗ್ಲಿಷಿನಲ್ಲಿ. ಜಾನ್ ಹಾರ್ಟ್ ಎಂಬ ಒಬ್ಬ ನೌಕರ ಕೆಳಗಿಳಿದು ಹೆಂಗಸರು ಮಕ್ಕಳ ಗುಂಪನ್ನು ಸುತ್ತುಬಳಸಿನ ದಾರಿಯಲ್ಲಿ ಮೇಲಕ್ಕೆ ಕರೆತಂದ, ಮತ್ತೆ ಹೋಗಿ ಇನ್ನೊಂದು ಗುಂಪನ್ನು ತಂದ. ಹಾಗೆ ಹತ್ತು ಮಂದಿ ಹಾರ್ಟರಿದ್ದಿದ್ದರೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಅತ್ತ ಮೇಲೆ ೪೦ ಮಂದಿ ಹಿಡಿಸುವ ಒಂದು ದೋಣಿ ೧೨ ಮಂದಿಯನ್ನು ಕೂರಿಸಿಕೊಂಡು ಇಳಿದುಹೋಯಿತು. ಇದ್ದಷ್ಟು ದೋಣಿಗಳಲ್ಲೂ ನಾಲ್ಕುನೂರಕ್ಕೆ ಮಿಕ್ಕಿ ಸ್ಥಳ ಖಾಲಿ ಉಳಿಯಿತು. ನೀರಿಗೆ ಬಿದ್ದವರಲ್ಲಿ ಬಹಳ ಮಂದಿ ಮುಳುಗಿ ಸತ್ತದ್ದಲ್ಲ, ಚಳಿಗೆ ಸೆಟೆದು ಸತ್ತದ್ದು. ಅವರ ಕೂಗು ಕೇಳಿಸುತ್ತಿದ್ದರೂ ಒಂದೆರಡರ ಹೊರತು ಯಾವ ದೋಣಿಯೂ ತಿರುಗಿ ಹೋಗಲಿಲ್ಲ.

ಹಡಗಿನ ತಳದ ಮಾತನ್ನು ಗಿರಣಿಯಲ್ಲಿ ದುಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ೨೯ ಬಾಯ್ಲರು, ೧೫೯ ಒಲೆ. ಹಗಲು ರಾತ್ರಿ ಪಾಳಿಯ ಮೇಲೆ ಸಲಿಕೆಯಿಂದ ಕಲ್ಲಿದ್ದಲು ತುಂಬುವ ಮಂದಿ. ಬಂದರು ಬಿಡುವಾಗಲೇ ಒಂದು ಕಲ್ಲಿದ್ದಲು ಕೋಣೆಯಲ್ಲಿ ಬೆಂಕಿ ಹೊಗೆಯಾಡುತ್ತಿತ್ತು. ಅದನ್ನು ಬಗೆದು ಆರಿಸುವುದೂ ಅವರದೇ ಕೆಲಸ. ಆ ವರ್ಷ ಫೆಬ್ರವರಿಯ ಕೊನೆಯಿಂದ ಏಪ್ರಿಲ್ ಆರಂಭದವರೆಗೆ ಇಂಗ್ಲೆಂಡಿನ ಗಣಿ ಕಾರ್ಮಿಕರು ಕನಿಷ್ಠ ಕೂಲಿಗಾಗಿ ದೊಡ್ಡ ಮುಷ್ಕರ ಹೂಡಿದ್ದರು. ಕಲ್ಲಿದ್ದಲಿಲ್ಲದೆ ಹಡಗುಗಳು ನಿಂತು ಸೌತಾಂಪ್ಟನ್ನಿನ ಖಲಾಸಿಗಳು ಕೆಲಸವಿಲ್ಲದೆ ಕುಳಿತಿದ್ದರು. ಬೇರೆ ಹಡಗುಗಳ ಕಲ್ಲಿದ್ದಲನ್ನು ಬಳಿದು ಟೈಟಾನಿಕ್ಕಿಗೆ ತುಂಬಿಸಿದರು. ಅದರಲ್ಲಿ ಕೆಲಸ ಸಿಕ್ಕವರು ಪುಣ್ಯವಂತರೆಂದುಕೊಂಡರು. ಆ ಒಂದು ಊರಿನ ಐನೂರಕ್ಕೂ ಹೆಚ್ಚು ಮಂದಿ ತಿರುಗಿ ಬರಲಿಲ್ಲ. ದೀಪಗಳು ಕೊನೆಯ ಕ್ಷಣದವರೆಗೂ ಉರಿಯುತ್ತಿರಲೆಂದು ಯಂತ್ರದ ಬಳಿಯಲ್ಲೇ ನಿಂತ ಇಂಜಿನಿಯರರಲ್ಲಿ ಒಬ್ಬನೂ ಬದುಕಲಿಲ್ಲ.

ಕಂಪನಿ ಅವರ ಲೆಕ್ಕವನ್ನು ಹೇಗೆ ಮುಗಿಸಿತು ಕೇಳಿ. ಹಡಗು ಮುಳುಗಿದ ಗಳಿಗೆಯಿಂದ ಸಂಬಳ ಬಂದ್. ಸತ್ತವನಿಗೆ ಮಾತ್ರವಲ್ಲ, ದೋಣಿಯಲ್ಲಿ ನಡುಗುತ್ತ ಕುಳಿತಿದ್ದವನಿಗೂ. ಹಡಗಿನ ಎಂಟು ಮಂದಿ ವಾದ್ಯಗಾರರೂ ಸತ್ತರು. ಅವರನ್ನು ಕೆಲಸಕ್ಕೆ ಕಳಿಸಿದ ದಲಾಲರು ಅವರಲ್ಲೊಬ್ಬನ ತಂದೆಗೆ ಮಗನ ಸಮವಸ್ತ್ರದ ಬಾಕಿ ಕೊಡಬೇಕೆಂದು ಬಿಲ್ಲು ಕಳಿಸಿದರು. ಕೆನಡಾದ ಹ್ಯಾಲಿಫ್ಯಾಕ್ಸಿನಿಂದ ಹೋದ ಮ್ಯಾಕೆ ಬೆನೆಟ್ ಎಂಬ ಹಡಗು ೩೦೬ ಶವಗಳನ್ನು ಎತ್ತಿತು. ಮೊದಲನೇ ವರ್ಗದವರಿಗೆ ಪೆಟ್ಟಿಗೆ, ಕೆಳಗಿನವರಿಗೆ ಕ್ಯಾನ್ವಾಸ್ ಚೀಲ. ಸಾಮಗ್ರಿ ಸಾಲದೆ ೧೧೬ ಶವಗಳನ್ನು ಮತ್ತೆ ಸಮುದ್ರಕ್ಕೇ ಇಳಿಸಿದರು. ಅವರಲ್ಲಿ ಹೆಚ್ಚಿನವರು ಯಾರೆಂಬುದನ್ನು ಓದುಗರು ಊಹಿಸಬಲ್ಲರು. ಲಾರ್ಡ್ ಮರ್ಸಿಯ ಅಧ್ಯಕ್ಷತೆಯಲ್ಲಿ ನಡೆದ ಬ್ರಿಟಿಷ್ ವಿಚಾರಣೆ, ಮೂರನೇ ವರ್ಗದವರಿಗೆ ಭೇದ ಮಾಡಿಲ್ಲವೆಂದು ತೀರ್ಮಾನ ಕೊಟ್ಟಿತು. ಆ ತೀರ್ಮಾನಕ್ಕೆ ಬರಲು ಮೂರನೇ ವರ್ಗದ ಒಬ್ಬ ಪ್ರಯಾಣಿಕನನ್ನೂ ಸಾಕ್ಷಿಗೆ ಕರೆಯಲಿಲ್ಲ.

ಕಥೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ಪ್ರಸಂಗವಿದೆ. ಟೈಟಾನಿಕ್ಕಿನ ಜೋಡಿ ಹಡಗು ಒಲಿಂಪಿಕ್. ಅವಘಡ ನಡೆದ ಹತ್ತನೇ ದಿನ, ಏಪ್ರಿಲ್ ೨೪ರಂದು, ಅದು ಸೌತಾಂಪ್ಟನ್ನಿನಿಂದ ಹೊರಡಬೇಕಾಗಿತ್ತು. ಕಂಪನಿ ಗಡಿಬಿಡಿಯಲ್ಲಿ ಹಳೆಯ ಮಡಚುವ ದೋಣಿಗಳನ್ನು ತಂದು ಪೇರಿಸಿತ್ತು. ಬಾಯ್ಲರಿನ ಮಂದಿ ಅವುಗಳನ್ನು ನೋಡಿ, ಇವು ನೀರಿಗೆ ಆಗತಕ್ಕವಲ್ಲವೆಂದು ಹೇಳಿ, ಇನ್ನೂರಕ್ಕೂ ಮಿಕ್ಕಿ ಮಂದಿ ಹಡಗನ್ನು ಇಳಿದುಬಿಟ್ಟರು. ಪರೀಕ್ಷೆ ಮಾಡಿ ನೋಡಿದಾಗ ಕೆಟ್ಟ ದೋಣಿ ಇದ್ದದ್ದು ಕಂಡುಬಂತು. ಕಂಪನಿ ಸಂಘದ ಹೊರಗಿನವರನ್ನು ಕೂಲಿಗೆ ತಂದಾಗ, ಅವರೊಡನೆ ಹೋಗಲೊಲ್ಲೆವೆಂದು ಇನ್ನೂ ೫೪ ಮಂದಿ ನಾವಿಕರು ಇಳಿದರು. ಅವರ ಮೇಲೆ ದಂಗೆಯ ಮೊಕದ್ದಮೆ ಹೂಡಲಾಯಿತು. ಪೋರ್ಟ್ಸ್‌ಮೌತಿನ ಮ್ಯಾಜಿಸ್ಟ್ರೇಟರು ಆಪಾದನೆ ರುಜುವಾತಾಯಿತೆಂದರು, ಆದರೆ ಶಿಕ್ಷೆ ಕೊಡದೆ ಬಿಟ್ಟರು. ಒಲಿಂಪಿಕ್ಕಿನ ಆ ಪ್ರಯಾಣ ರದ್ದಾಯಿತು. ಮುಂದೆ ಆ ಹಡಗಿನ ಮೇಲೆ ಎಲ್ಲರಿಗೂ ಸಾಲುವಷ್ಟು ದೋಣಿಗಳು ಬಂದವು. ೧೯೧೪ರ ಜನವರಿಯಲ್ಲಿ ಲಂಡನ್ನಿನಲ್ಲಿ ರಾಷ್ಟ್ರಗಳು ಕೂಡಿ ಮಾಡಿದ ಒಪ್ಪಂದದಲ್ಲಿ ಹಡಗಿನಲ್ಲಿರುವ ಪ್ರತಿಯೊಬ್ಬನಿಗೂ ದೋಣಿಯಲ್ಲಿ ಸ್ಥಳ, ಹಗಲಿರುಳು ತಂತಿಯ ಕಾವಲು ಎಂದು ಬರೆದುಕೊಂಡರು.

ಬಂಡವಾಳಗಾರರ ಕಂಪನಿಯಾದ್ದರಿಂದ ಹೀಗಾಯಿತು, ನಮ್ಮದೇ ಆಗಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಬರೆದು ಇಲ್ಲಿಗೇ ನಿಲ್ಲಿಸುವುದು ನಮಗೆ ಸುಲಭ. ಹಾಗೆ ಬರೆಯಲು ರಾಮದಾಸ ಆಗಬೋಟು ಬಿಡುವುದಿಲ್ಲ. ೧೯೪೭ರ ಜುಲೈ ೧೭ರ ಬೆಳಿಗ್ಗೆ, ಸ್ವಾತಂತ್ರ್ಯಕ್ಕೆ ಇನ್ನೂ ಒಂದು ತಿಂಗಳು ತುಂಬದಿರುವಾಗ, ರಾಮದಾಸ ಮುಂಬಯಿಯ ಭಾವೂಚಾ ಧಕ್ಕೆಯಿಂದ ರೇವಸ ಬಂದರಿಗೆ ಹೊರಟಿತು. ನಮ್ಮ ಕಡೆಯ ಮಂದಿ ಹೊಟ್ಟೆಪಾಡಿಗೆ ಹೋಗುವ ಅದೇ ಮುಂಬಯಿ. ಶ್ರಾವಣದ ಮುಂಚಿನ ಅಮಾವಾಸ್ಯೆಗೆ ಕೊಂಕಣದ ತಮ್ಮ ಊರುಗಳಿಗೆ ಹೋಗುವವರು ಅದರಲ್ಲಿದ್ದರು. ಮಳೆಗಾಲದ ಸಮುದ್ರ. ಅರ್ಧ ತಾಸು ಹೋಗುವಷ್ಟರಲ್ಲಿ ಕಾಶಾ ಬಂಡೆಯ ಬಳಿ ದೊಡ್ಡ ಅಲೆಗೆ ಹಡಗು ವಾಲಿತು, ಗಾಬರಿಯಾದ ಮಂದಿ ಒಂದೇ ಬದಿಗೆ ನುಗ್ಗಿದರು, ಮಗುಚಿತು. ಆರುನೂರಕ್ಕೂ ಹೆಚ್ಚು ಮಂದಿ ಸತ್ತರು. ರಾಮದಾಸದಲ್ಲಿ ತಂತಿ ಯಂತ್ರವೇ ಇರಲಿಲ್ಲ. ಬಂದರಿನಿಂದ ಅಷ್ಟು ಸಮೀಪದಲ್ಲಿ ನಡೆದ ಸುದ್ದಿ, ಈಜಿ ತೇಲಿ ದಡ ಸೇರಿದವರ ಬಾಯಿಂದ ಮುಂಬಯಿಗೆ ಮುಟ್ಟಬೇಕಾದರೆ ಹಲವು ತಾಸು ಹಿಡಿಯಿತು. ಅಷ್ಟರೊಳಗೆ ಸಿಕ್ಕಷ್ಟು ಮಂದಿಯನ್ನು ಎತ್ತಿದವರು ರೇವಸದ ಕಡೆಯ ಬೆಸ್ತರು. ಈ ಆಗಬೋಟು ಪರದೇಶದ ಸಾಹುಕಾರನದಾಗಿರಲಿಲ್ಲ. ಇಂಗ್ಲಿಷ್ ಕಂಪನಿಗಳಿಗೆ ಎದುರಾಗಿ ಸ್ವದೇಶಿ ಅಭಿಮಾನದಿಂದ ನಿಲ್ಲಿಸಿದ ಸಹಕಾರಿ ಕಂಪನಿಯದು. ಟೈಟಾನಿಕ್ ಮುಳುಗಿ ಮೂವತ್ತೈದು ವರ್ಷಗಳಾಗಿದ್ದವು. ತಂತಿ ಯಂತ್ರ ಬಡವರ ಹಡಗಿನವರೆಗೆ ಬಂದಿರಲಿಲ್ಲ.

ಇದೂ ಹಳೆಯ ಮಾತೆನ್ನುವವರು ಕಾರವಾರದ ಕಡೆ ನೋಡಬಹುದು. ೨೦೧೯ರ ಜನವರಿ ೨೧ರಂದು ಕೂರ್ಮಗಡ ನಡುಗಡ್ಡೆಯ ನರಸಿಂಹ ಜಾತ್ರೆಗೆ ಹೋಗಿ ತಿರುಗಿ ಬರುತ್ತಿದ್ದ ದೋಣಿ ಮಗುಚಿ ೧೬ ಮಂದಿ ಸತ್ತರು. ಘಟ್ಟದ ಮೇಲಿನ ಹಾವೇರಿ ಜಿಲ್ಲೆಯಿಂದ ಬಂದವರೂ ಅವರಲ್ಲಿದ್ದರು. ಹಿಡಿಸುವುದಕ್ಕಿಂತ ಹೆಚ್ಚು ಮಂದಿ, ಹೆಚ್ಚಿನವರ ಮೈಮೇಲೆ ತೇಲುವ ಅಂಗಿ ಇಲ್ಲ.

ನಮ್ಮ ಹೊಳೆಯ ಒಂದು ಅನುಭವವನ್ನೂ ಇಲ್ಲಿ ಹೇಳಬೇಕು. ಮಾಸ್ತರಿಕೆಯ ದಿನಗಳಲ್ಲಿ ನಾವು ಒಮ್ಮೆ ಭೀಮೆಯನ್ನು ದಾಟಿ ಜೇವರ್ಗಿಯ ಕಡೆಯ ಹಳ್ಳಿಗೆ ಹೋಗಬೇಕಾಗಿತ್ತು. ಸಂತೆಯ ದಿನ, ದಂಡೆಯ ಮೇಲೆ ಗದ್ದಲ. ಅಂಬಿಗ ಮುದುಕ ಒಬ್ಬೊಬ್ಬರ ಭುಜ ಮುಟ್ಟಿ ಎಣಿಸಿ ಹತ್ತಿಸುತ್ತಿದ್ದ. ನಮ್ಮ ಸರದಿ ಬಂದಾಗ ಕೈ ಅಡ್ಡ ಹಿಡಿದು, "ಸಾಕು, ತುಂಬೇತಿ. ನೀವು ಮುಂದಿನ ಸರ್ತಿ ಬರ್ರಿ, ಮಾಸ್ತರ" ಎಂದ. ಶಾಲೆಗೆ ತಡವಾಗುತ್ತದೆಂದೆವು, ದುಪ್ಪಟ್ಟು ಕೊಡುತ್ತೇವೆಂದೂ ಹೇಳಿದೆವು, ಈಗ ನೆನೆದರೆ ನಾಚಿಕೆಯಾಗುತ್ತದೆ. ಅವನು ಉತ್ತರ ಕೊಡದೆ ಹುಟ್ಟು ಊರಿ ದೋಣಿಯನ್ನು ತಳ್ಳಿಕೊಂಡು ಹೋದ. ಒಂದು ತಾಸು ಬಿಸಿಲಲ್ಲಿ ಕುಳಿತು ನಾವು ಅವನನ್ನು ಬೈದುಕೊಂಡೆವು. ಅಂಬಿಗರ ಚೌಡಯ್ಯನ ಕುಲದವನೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಆ ಮುದುಕನಿಗೆ ಓದು ಬರಹ ಬಾರದು. ಲಂಡನ್ನಿನ ಕೋಷ್ಟಕದಲ್ಲಿ ಇಲ್ಲದ ಮನೆ ಅವನ ತಲೆಯಲ್ಲಿತ್ತು.

ಈಗ ಕಟ್ಟಿಸಂಗಾವಿಯಂಥ ಕಡೆ ಸೇತುವೆಗಳಿವೆ, ಅಂಬಿಗರ ಕೆಲಸ ಕಡಿಮೆಯಾಗಿದೆ. ಆದರೆ ೨೦೨೦ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ ಜೇವರ್ಗಿಗಳ ಹಳ್ಳಿಗಳೊಳಗೆ ಬಂದಾಗ ಮತ್ತೆ ದೋಣಿಯೇ ಬೇಕಾಯಿತು. ಒಣಗಿದ ದಿನಗಳಲ್ಲೂ ನಮ್ಮ ಮಂದಿಯನ್ನು ಹೊತ್ತೊಯ್ಯುವ ಹಡಗುಗಳು ಬೇರೆ ಇವೆ. ತೊಗರಿ ರಾಶಿ ಮುಗಿದ ಮೇಲೆ ಆಳಂದ ಅಫಜಲಪುರಗಳ ತಾಂಡಾಗಳಿಂದ, ಹಳ್ಳಿಗಳಿಂದ ಪುಣೆ ಮುಂಬಯಿಗೆ ಗುಳೆ ಹೋಗುವ ಕುಟುಂಬಗಳು ಹತ್ತುವ ಗಾಡಿಗಳನ್ನು ರಾತ್ರಿ ಹೊತ್ತು ಒಮ್ಮೆ ನಿಂತು ನೋಡಿರಿ. ಹಾಸಿಗೆ, ಪಾತ್ರೆ, ಜೋಳದ ಚೀಲ, ಅದರ ಮೇಲೆ ಮಕ್ಕಳು. ಗಾಡಿ ಎಷ್ಟು ಟನ್ನು ಹೊರಬೇಕೆಂಬ ಲೆಕ್ಕ ಕಾಗದದಲ್ಲಿ ಇರುತ್ತದೆ. ಎಷ್ಟು ಮಂದಿ ಹತ್ತಿದರು ಎಂಬುದನ್ನು ಗುತ್ತಿಗೆಯ ಮುಕಾದಮ ತನ್ನ ಮುಂಗಡದ ವಹಿಯಲ್ಲಿ ಮಾತ್ರ ಬರೆದಿರುತ್ತಾನೆ, ಅದೂ ಸಾಲ ತಪ್ಪಬಾರದೆಂದು.

ಇಂಗ್ಲೆಂಡಿನಲ್ಲಿ ಸ್ಯಾಮ್ಯುಯೆಲ್ ಪ್ಲಿಮ್ಸೊಲ್ ಎಂಬ ಪಾರ್ಲಿಮೆಂಟ್ ಸದಸ್ಯ, ಹಡಗಿನ ಹೊರಮೈ ಮೇಲೆ ಒಂದು ಗೆರೆ ಬರೆಯಿಸಬೇಕು, ನೀರು ಅದನ್ನು ದಾಟುವಷ್ಟು ಸರಕು ತುಂಬಬಾರದು ಎಂದು ವರ್ಷಗಟ್ಟಲೆ ಕೂಗಾಡಿ ೧೮೭೬ರಲ್ಲಿ ಕಾನೂನು ಮಾಡಿಸಿದ. ದಡದಲ್ಲಿ ನಿಂತ ಹಮಾಲನೂ ನೋಡಿ ಹೇಳಬಹುದಾದ ಗೆರೆ ಅದು. ನಮ್ಮ ಮೂರು ತಾಲೂಕುಗಳಲ್ಲಿ ದೋಣಿ ನಡೆಯುವ ಪ್ರತಿಯೊಂದು ದಂಡೆಯಲ್ಲಿ, ದೋಣಿಯ ಮೈಮೇಲೆ, ಹಿಡಿಸುವ ಮಂದಿಯ ಸಂಖ್ಯೆಯನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆಯಿಸ ಹೇಳಿ ತಹಶೀಲದಾರರಿಗೆ ಅರ್ಜಿ ಕೊಡಬೇಕೆಂದಿದ್ದೇವೆ. ಗುಳೆಯ ಗಾಡಿಗಳಿಗೂ ಅದೇ, ಜೊತೆಗೆ ಹತ್ತಿದವರ ಹೆಸರಿನ ಪಟ್ಟಿಯ ಒಂದು ಪ್ರತಿ ಹೊರಡುವ ಮೊದಲು ಪಂಚಾಯತಿಯಲ್ಲಿ ಇರಬೇಕು. ಜಾತ್ರೆಯ ದಿನಗಳಿಗೆ ತೇಲುವ ಅಂಗಿಗಳನ್ನು ಸರಕಾರವೇ ಒದಗಿಸಬೇಕು. ಅರ್ಜಿಯ ಕರಡು ನಮ್ಮ ಕಚೇರಿಯಲ್ಲಿದೆ. ಆಳಂದ, ಅಫಜಲಪುರ, ಜೇವರ್ಗಿಯ ಸಂತೆಗಳಿಗೆ ಮುಂದಿನ ವಾರ ಅದನ್ನು ತೆಗೆದುಕೊಂಡು ಬರುತ್ತೇವೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತಬಹುದು.